ನಾಸ್ತಿಕರ ನಗೆಯೂ ಆಸ್ತಿಕರ ಉತ್ತರವೂ



ಕಳೆದ ಅಮಾವಾಸ್ಯೆಯಂದು ಶ್ರೀಮಠದಲ್ಲಿ ಜರುಗಿದ ಶಿವಾನುಭವ ಗೋಷ್ಠಿಯ ಕುರಿತು ಊರಿನಲ್ಲಿ ಹಲವು ಬಗೆಯ ಮಾತುಗಳು ಕೇಳಿಬರುತ್ತಿವೆ. ಗೋಷ್ಠಿಯಲ್ಲಿ ಇದ್ದವರು ಒಂದು ಹೇಳುತ್ತಿದ್ದಾರೆ, ಇಲ್ಲದವರು ಇನ್ನೊಂದು ಹೇಳುತ್ತಿದ್ದಾರೆ. ನಡೆದುದನ್ನು ನಡೆದಂತೆ ತಿಳಿಸಿ, ಅದರ ಹಿಂದಿರುವ ಪ್ರಶ್ನೆಯನ್ನು ಭಕ್ತರ ವಿಚಾರಕ್ಕೆ ಇಡಬೇಕೆಂದು ಪೂಜ್ಯ ಶ್ರೀಗಳವರು ಅಪ್ಪಣೆ ಕೊಡಿಸಿದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಅಂದಿನ ವಿಷಯ ‘ಸಂಕಟದಲ್ಲಿ ಶಿವಸ್ಮರಣೆ’. ಉಪನ್ಯಾಸ ಮುಗಿದು ಪ್ರಶ್ನೋತ್ತರ ಆರಂಭವಾದಾಗ, ಹೊರಗೆ ಓದಿ ಬಂದಿರುವ ನಮ್ಮೂರಿನ ತರುಣನೊಬ್ಬ ಎದ್ದು ನಿಂತ. ತಾನು ದೇವರನ್ನು ನಂಬುವವನಲ್ಲ ಎಂದು ಮೊದಲೇ ಹೇಳಿಕೊಂಡ. ಆಮೇಲೆ ಕೇಳಿದ: “2019ರ ಆಗಸ್ಟ್‌ನಲ್ಲಿ ಮಲಪ್ರಭೆ ಊರೊಳಗೆ ಬಂದಾಗ ನಾವೆಲ್ಲ ಮನೆ ಬಿಟ್ಟು ಓಡಿದೆವು. ದೇವರು ಮಾತ್ರ ಗುಡಿಯಲ್ಲಿ ನೀರೊಳಗೆ ನಿಂತಿದ್ದರು. ಕೊನೆಗೆ ನಾವೇ ನಾಲ್ಕು ಜನ ಹೋಗಿ ಉತ್ಸವಮೂರ್ತಿಯನ್ನು ಹೆಗಲ ಮೇಲೆ ಹೊತ್ತು ತಂದೆವು. ಅಂದು ಯಾರು ಯಾರನ್ನು ಕಾಪಾಡಿದಂತಾಯಿತು? ಆ ನಾಲ್ಕು ಜನಕ್ಕೆ ದೇವರು ಇನ್ನೂ ಒಂದು ಸನ್ಮಾನ ಮಾಡಿಲ್ಲವಲ್ಲ!”

ಸಭೆಯಲ್ಲಿ ಅರ್ಧ ಜನ ನಕ್ಕರು. ಉಳಿದವರು ಮುಖ ಬಿಗಿದುಕೊಂಡರು. ನವಿಲುತೀರ್ಥದಿಂದ ಬಿಟ್ಟ ನೀರು ಹೆದ್ದಾರಿಯ ಸೇತುವೆಯನ್ನು ಮುಳುಗಿಸಿ, ಮನೆಗಳೊಳಗೆ ನುಗ್ಗಿ, ಕಾಳುಕಡಿಗಳನ್ನು ಕೊಳೆಸಿದ ಆ ದಿನಗಳನ್ನು ಕೊಣ್ಣೂರಿನವರು ಮರೆತಿಲ್ಲ. ಆ ನೋವಿನ ಮೇಲೆ ನಗೆಯ ಮಾತು ಬಿದ್ದಾಗ ಏನಾಗುವುದೋ ಎಂದು ನಾವೂ ಒಂದು ಕ್ಷಣ ಕಳವಳಗೊಂಡೆವು. ಅಷ್ಟರಲ್ಲಿ ಹೆಂಗಳೆಯರ ಸಾಲಿನಿಂದ ವೃದ್ಧ ಶರಣೆಯೊಬ್ಬರು ಕುಳಿತಲ್ಲಿಂದಲೇ ಹೇಳಿದರು: “ಹೌದಪ್ಪಾ, ಹೊತ್ತು ತಂದವರ ಹೆಗಲೊಳಗ ಅವನ ಇದ್ದ. ಅದಕ್ಕ ಸನ್ಮಾನ ಬ್ಯಾರೆ ಮಾಡಿಲ್ಲ. ತನಗ ತಾನ ಯಾರು ಶಾಲು ಹೊದಿಸ್ಕೊತಾರ?” ಈ ಸಲ ಇಡೀ ಸಭೆ ನಕ್ಕಿತು. ಆ ತರುಣನೂ ನಕ್ಕು ಕೈಮುಗಿದು ಕುಳಿತ. ಬಳಿಕ ಎಲ್ಲರೂ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದರು.

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮರುದಿನ ಬೆಳಿಗ್ಗೆ ಹತ್ತಾರು ಜನ ಮನವಿಪತ್ರವೊಂದನ್ನು ಹಿಡಿದು ಮಠದ ಕಾರ್ಯಾಲಯಕ್ಕೆ ಬಂದರು. ಆ ತರುಣನನ್ನು ಮಠದ ಅಂಗಳಕ್ಕೆ ಸೇರಿಸಬಾರದು, ಧಾರ್ಮಿಕ ಭಾವನೆಗೆ ಧಕ್ಕೆ ತಂದನೆಂದು ಠಾಣೆಗೆ ದೂರು ಕೊಡಬೇಕು ಎಂಬುದು ಅವರ ಬೇಡಿಕೆ. ವಿಚಾರಿಸಲಾಗಿ, ಬಂದವರಲ್ಲಿ ಇಬ್ಬರ ಹೊರತು ಯಾರೂ ಗೋಷ್ಠಿಯಲ್ಲಿ ಇರಲಿಲ್ಲ. ಮೊಬೈಲಿನಲ್ಲಿ ಹರಿದಾಡಿದ ತುಣುಕೊಂದನ್ನು ಅವರು ನೋಡಿದ್ದರು. ಅದರಲ್ಲಿ ತರುಣನ ಪ್ರಶ್ನೆ ಇತ್ತು, ಅರ್ಧ ಸಭೆಯ ನಗೆ ಇತ್ತು. ಆ ತಾಯಿಯ ಉತ್ತರ ಇರಲಿಲ್ಲ.

ನಾಸ್ತಿಕರು ಆಸ್ತಿಕರೊಡನೆ ಮಾತನಾಡುವಾಗ ಹಾಸ್ಯವನ್ನು ಏಕೆ ಬಳಸುತ್ತಾರೆ? ಅದನ್ನು ನಾವು ಹೇಗೆ ಸ್ವೀಕರಿಸಬೇಕು? ಇದೇ ಇಂದಿನ ವಿಚಾರ. ಇದು ಪರದೇಶದಿಂದ ಬಂದ ಹೊಸ ಚಾಳಿ ಎಂದು ಮನವಿ ತಂದವರಲ್ಲಿ ಒಬ್ಬರು ಹೇಳಿದರು. ಆದ್ದರಿಂದ ಮೊದಲು ನಮ್ಮ ಊರಿನ ಕಲ್ಲನ್ನೇ ಕೇಳೋಣ.

ಕೊಣ್ಣೂರಿನ ಪರಮೇಶ್ವರ ದೇವಾಲಯದ ಶಾಸನವು ಕ್ರಿ.ಶ. 860ರ ದಾನವೊಂದನ್ನು ಹೇಳುತ್ತದೆ. ರಾಷ್ಟ್ರಕೂಟ ಅಮೋಘವರ್ಷನು ತನ್ನ ಸೇನಾನಿ ಬಂಕೇಶನ ಕೋರಿಕೆಯ ಮೇರೆಗೆ ಕೊಳನೂರಿನ ಜಿನಾಲಯಕ್ಕೆ ಕೊಟ್ಟ ದಾನವದು. ಕಲ್ಲಿನ ಮೇಲಿನ ಬರಹ ಅನಂತರದ ಕಾಲದ್ದೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಆ ಕೊಳನೂರೇ ಇಂದಿನ ಕೊಣ್ಣೂರು. ಜಿನಾಲಯದ ದಾನವನ್ನು ಹೇಳುವ ಕಲ್ಲು ಶಿವಾಲಯದಲ್ಲಿದೆ ಎಂಬುದನ್ನು ಗಮನಿಸಬೇಕು. ಜೈನಧರ್ಮವು ಜಗತ್ತನ್ನು ಸೃಷ್ಟಿಸಿದ ಈಶ್ವರನೊಬ್ಬನನ್ನು ಒಪ್ಪುವುದಿಲ್ಲ. ವೈದಿಕರ ಎಣಿಕೆಯಲ್ಲಿ ಜೈನರು ನಾಸ್ತಿಕರೇ. ಅಂದರೆ ಸೃಷ್ಟಿಕರ್ತನನ್ನು ಒಪ್ಪದವರು ಸಾವಿರ ವರುಷಗಳಿಗೂ ಹಿಂದಿನಿಂದ ನಮ್ಮೂರಿನ ನೆರೆಹೊರೆಯವರಾಗಿದ್ದರು.

ಆ ನೆರೆಯವರು ನಕ್ಕಿದ್ದೂ ಉಂಟು. ಬ್ರಹ್ಮಶಿವನ ‘ಸಮಯಪರೀಕ್ಷೆ’ ಅನ್ಯಮತಗಳ ನಂಬಿಕೆಗಳನ್ನು ಮುಲಾಜಿಲ್ಲದೆ ಲೇವಡಿ ಮಾಡುವ ಗ್ರಂಥ. ವೃತ್ತವಿಲಾಸನ ‘ಧರ್ಮಪರೀಕ್ಷೆ’ಯ ದಾರಿ ಬೇರೆ. ಅಲ್ಲಿ ಮನೋವೇಗ, ಪವನವೇಗ ಎಂಬ ಇಬ್ಬರು ಮಿತ್ರರು. ಮನೋವೇಗನು ವೇಷ ಮರೆಸಿಕೊಂಡು ಪಾಟಲಿಪುತ್ರದ ವಿದ್ವಾಂಸರ ಸಭೆಗೆ ಹೋಗಿ, ಕಮಂಡಲದೊಳಗೆ ಆನೆ ಹೊಕ್ಕಿತೆಂಬಂಥ ಅಸಂಬದ್ಧ ಕಥೆಗಳನ್ನು ತನ್ನ ಅನುಭವವೆಂದು ಹೇಳುತ್ತಾನೆ. ಇದನ್ನು ಯಾರು ನಂಬುತ್ತಾರೆ ಎಂದು ವಿದ್ವಾಂಸರು ಆಕ್ಷೇಪಿಸಿದಾಗ, ನಿಮ್ಮ ಪುರಾಣಗಳಲ್ಲಿ ಇಂಥವೇ ಇವೆಯಲ್ಲ, ಅವನ್ನು ಹೇಗೆ ನಂಬಿದಿರಿ ಎಂದು ಕೇಳುತ್ತಾನೆ. ಕೇಳುವವನ ಬಾಯಿಂದಲೇ ‘ಇದು ಅಸಾಧ್ಯ’ ಎನ್ನಿಸಿ, ಆ ಅಳತೆಗೋಲನ್ನು ಅವನ ಕೈಗೇ ಕೊಡುವ ಉಪಾಯವಿದು.

ಈ ಉಪಾಯ ಇಂದಿಗೂ ಸವೆದಿಲ್ಲ. ಬರ್ಟ್ರಂಡ್ ರಸೆಲ್ 1952ರಲ್ಲಿ ಬರೆದ ಪ್ರಬಂಧದಲ್ಲಿ, ಭೂಮಿಗೂ ಮಂಗಳಗ್ರಹಕ್ಕೂ ನಡುವೆ ಚಹಾದ ಕುಡಿಕೆಯೊಂದು ಸೂರ್ಯನನ್ನು ಸುತ್ತುತ್ತಿದೆ, ಅದು ಯಾವ ದುರ್ಬೀನಿಗೂ ಕಾಣದಷ್ಟು ಚಿಕ್ಕದು ಎಂದು ತಾನು ಸಾರಿದರೆ ಅದನ್ನು ಅಲ್ಲಗಳೆಯುವ ಹೊಣೆ ಕೇಳುವವರದೇ ಎಂದು ಪ್ರಶ್ನಿಸಿದ. 2005ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಸೃಷ್ಟಿವಾದದ ಹೊಸ ರೂಪವನ್ನು ವಿಜ್ಞಾನದ ಪಾಠಕ್ಕೆ ಸೇರಿಸುವ ಚರ್ಚೆ ನಡೆದಾಗ, ತರುಣನೊಬ್ಬ ಶಾವಿಗೆಯ ಮುದ್ದೆಯಂಥ ಹಾರುವ ದೇವರೊಂದನ್ನು ಕಲ್ಪಿಸಿ, ಅದಕ್ಕೂ ಪಾಠದಲ್ಲಿ ಸಮಾನ ಅವಧಿ ಕೊಡಿ ಎಂದು ಶಿಕ್ಷಣ ಮಂಡಳಿಗೆ ಬಹಿರಂಗ ಪತ್ರ ಬರೆದ. ಕಮಂಡಲದ ಆನೆ, ಆಕಾಶದ ಕುಡಿಕೆ, ಹಾರುವ ಶಾವಿಗೆ ಮೂರೂ ಒಂದೇ ಕುಲದವು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಮನೋವೇಗನು ಅಷ್ಟೆಲ್ಲ ಆಟ ಹೂಡಿದ್ದು ಸಭೆಯನ್ನು ಗೆಲ್ಲುವುದಕ್ಕಷ್ಟೇ ಅಲ್ಲ. ಪಕ್ಕದಲ್ಲಿ ನಿಂತ ಗೆಳೆಯ ಪವನವೇಗನ ಮನಸ್ಸು ತಿಳಿಯಾಗಲೆಂದು. ಅವನ ನಗೆಯ ಬೆನ್ನಿಗೆ ಸ್ನೇಹವಿತ್ತು.

ಇನ್ನು ನಮ್ಮ ಶರಣರತ್ತ ನೋಡಿದರೆ, ನಗೆಯ ಬಗ್ಗೆ ಕೋಪಗೊಳ್ಳುವ ಅಧಿಕಾರ ಲಿಂಗಾಯತ ಮಠಕ್ಕೆ ಎಷ್ಟಿದೆ ಎಂಬ ಸಂದೇಹ ಮೂಡುತ್ತದೆ. ಕಲ್ಲಿನ ಹಾವಿಗೆ ಹಾಲೆರೆದು ಜೀವಂತ ಹಾವಿಗೆ ಬಡಿಗೆ ಎತ್ತುವವರನ್ನು ಕಂಡು ನಕ್ಕವರು ಬಸವಣ್ಣನವರು. ಮನೆಯ ಮಡಕೆ ಮೊರಗಳನ್ನೂ ಬೀದಿಯ ಕಲ್ಲನ್ನೂ ದೇವರೆನ್ನುವ ನಾಡಿನಲ್ಲಿ ಕಾಲಿಡಲು ಜಾಗವಿಲ್ಲವೆಂಬ ಅರ್ಥದ ಅವರ ವಚನವನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಕಂಠಪಾಠ ಮಾಡುತ್ತಾರೆ. ಅಂಬಿಗರ ಚೌಡಯ್ಯನವರ ಮಾತಿನ ಹೊಡೆತವನ್ನು ಬಲ್ಲವರು ಬಲ್ಲರು. ಅಂದು ಆ ಮಾತುಗಳನ್ನು ಕೇಳಿದ ಎಷ್ಟು ಆಸ್ತಿಕರ ಭಾವನೆಗೆ ಧಕ್ಕೆಯಾಗಿರಬೇಡ! ಶರಣರು ನಾಸ್ತಿಕರಲ್ಲ. ಆದರೆ ಅವರು ನಕ್ಕದ್ದು ದೇವರನ್ನಲ್ಲ, ದೇವರ ಹೆಸರಿನ ಮಬ್ಬನ್ನು ಎಂದು ನಾವು ಇಂದು ಹೇಳುವ ಸಮಾಧಾನವನ್ನು ಅಂದಿನವರು ಒಪ್ಪುತ್ತಿದ್ದರೆಂದು ಹೇಳಲಾಗದು.

ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬರುವ ಪ್ರಸಂಗ ಈ ವಿಚಾರಕ್ಕೆ ಕನ್ನಡಿಯಂತಿದೆ. ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದರು, ಗುಡಿ ಎತ್ತಿಸುತ್ತಿದ್ದರು. ಪ್ರಭುದೇವರು ಅವರನ್ನು ಹಗುರ ಹೆಸರಿನಿಂದ ಕರೆದು ಕೆಣಕಿದರು. ಶಿಷ್ಯರು ಉತ್ತರವಾಗಿ ಎತ್ತಿಕೊಂಡದ್ದು ಕಲ್ಲನ್ನು. ಸಿದ್ಧರಾಮರೂ ಮೊದಲು ಕೆರಳಿದರು. ಆದರೆ ಕೆರಳಿದ ಮೇಲೂ ಮಾತಿಗೆ ನಿಂತರು. ಕೇಳಿದ ಪ್ರಶ್ನೆಗೆ ತಮ್ಮೊಳಗೆ ಉತ್ತರ ಹುಡುಕಿದರು. ಆ ಗೇಲಿಯೇ ಅವರನ್ನು ಕಲ್ಯಾಣದ ಅನುಭವ ಮಂಟಪಕ್ಕೆ ಕರೆತಂದಿತು. ಕಲ್ಲು ಎತ್ತಿದ ಶಿಷ್ಯರ ಹೆಸರುಗಳು ನಮಗೆ ತಿಳಿದಿಲ್ಲ, ಮಾತಿಗೆ ನಿಂತ ಸಿದ್ಧರಾಮರನ್ನು ನಾವು ಇಂದಿಗೂ ನೆನೆಯುತ್ತೇವೆ.

ನಮ್ಮ ಪರಂಪರೆಯ ಇನ್ನೊಂದು ಮುಖವನ್ನೂ ಮುಚ್ಚಿಡಲಾಗದು. ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನವರು ಜೈನರೊಡನೆ ಪಣ ಕಟ್ಟಿದ ಕಥೆ ಅಲ್ಲಿಯ ಶಾಸನದಲ್ಲಿದೆ, ಶಿಲ್ಪದಲ್ಲಿದೆ. ಅದು ಜಿನಬಿಂಬವನ್ನು ಒಡೆಯುವಲ್ಲಿ ಮುಗಿಯುತ್ತದೆ. ಅದನ್ನು ವಿಜಯವೆಂದು ಹೇಳುವುದೇ ರೂಢಿ. ನಾಲಗೆಯಿಂದ ನಡೆಯಬೇಕಾದ ವಾದ ಕೈಗೆ ಇಳಿದಾಗ ಗೆದ್ದವರು ಯಾರು ಎಂದು ನಾವೇ ಕೇಳಿಕೊಳ್ಳಬೇಕಾಗಿದೆ.

ಈಗ ನಮ್ಮ ಕಾಲಕ್ಕೆ ಬರೋಣ. ನಾಸ್ತಿಕರ ನಗೆ ಎಂದೊಡನೆ ಈ ನಾಡಿನ ಹಿರಿಯರಿಗೆ ನೆನಪಾಗುವವರು ಡಾ. ಎಚ್. ನರಸಿಂಹಯ್ಯನವರು. ಗಾಂಧೀ ಟೋಪಿ, ಖಾದಿ ಪಂಚೆ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆ, ಇಷ್ಟೇ ಅವರ ಸಂಸಾರ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿ, ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ. ಕೈಯಿಂದ ಉಂಗುರ ಬರುವುದಾದರೆ ಒಂದು ಕುಂಬಳಕಾಯಿಯೂ ಬರಲಿ ಎಂದು ಅವರು ಕೇಳಿದರೆಂಬುದು ಅಂದಿನಿಂದ ಮನೆಮಾತು. ಆ ಹಾಸ್ಯದ ಶಕ್ತಿ ಎಲ್ಲಿದೆ ನೋಡಿ. ಉಂಗುರ ತೋಳಿನೊಳಗೆ ಅಡಗುತ್ತದೆ, ಕುಂಬಳಕಾಯಿ ಅಡಗುವುದಿಲ್ಲ. ಇಡೀ ಪರೀಕ್ಷಾವಿಧಾನವೇ ಒಂದು ತರಕಾರಿಯ ಹೆಸರಿನಲ್ಲಿ ಅಡಕವಾಗಿದೆ. ಆ ಮಾತಿನಲ್ಲಿ ಭಕ್ತರ ಬಗ್ಗೆ ಒಂದೂ ಕೆಟ್ಟ ಪದವಿಲ್ಲ. ಅದು ಸಮರ್ಥನಾದವನ ಮುಂದಿಟ್ಟ ಪ್ರಶ್ನೆ.

ಅದೇ ಬಾಬಾ ಅವರ ಜೀವನಚರಿತ್ರೆಯನ್ನು ಬರೆದವರು ಯಾರು? ‘ಕೊರವಂಜಿ’ಯ ಪುಟಗಳಲ್ಲಿ ನಾಡನ್ನು ನಗಿಸಿದ, ‘ಅನರ್ಥಕೋಶ’ವನ್ನು ರಚಿಸಿದ ನಾ. ಕಸ್ತೂರಿಯವರು. ಕನ್ನಡದ ಹಾಸ್ಯದ ಹಿರಿಯರೊಬ್ಬರು ಭಕ್ತರಾಗಿ ಬಾಬಾ ಅವರ ಬಳಿ ನೆಲೆಸಿದರು. ಹಾಸ್ಯವು ನಾಸ್ತಿಕರ ಸ್ವತ್ತೂ ಅಲ್ಲ, ಭಕ್ತಿ ಬಂದೊಡನೆ ನಗೆ ಹೋಗಬೇಕೆಂಬ ನಿಯಮವೂ ಇಲ್ಲ.

ಇನ್ನೊಬ್ಬರು ಎ. ಎನ್. ಮೂರ್ತಿರಾಯರು. ಲಲಿತ ಪ್ರಬಂಧಗಳಿಂದ ಹೆಸರಾದ ಅವರು ತೊಂಬತ್ತು ದಾಟಿದ ವಯಸ್ಸಿನಲ್ಲಿ 1991ರಲ್ಲಿ ‘ದೇವರು’ ಎಂಬ ಗ್ರಂಥವನ್ನು ಪ್ರಕಟಿಸಿ, ದೇವರಿಲ್ಲವೆಂದು ತಮಗೆ ತೋರಿದ ಕಾರಣಗಳನ್ನು ಮೃದುವಾದ ದನಿಯಲ್ಲಿ ಹೇಳಿದರು. ಆ ನಗೆ ತುಟಿಯಂಚಿನದು, ತಮ್ಮನ್ನೂ ಬಿಡದ ನಗೆ. ಅದಕ್ಕೆ 1992ರ ಪಂಪ ಪ್ರಶಸ್ತಿ ಬಂದಿತು. ಅದಕ್ಕಿಂತ ಎರಡು ವರ್ಷ ಮೊದಲು, 1990ರಲ್ಲಿ, ಅದೇ ಪ್ರಶಸ್ತಿ ಸಂದದ್ದು ಸಂ. ಶಿ. ಭೂಸನೂರಮಠ ಅವರ ‘ಶೂನ್ಯಸಂಪಾದನೆಯ ಪರಾಮರ್ಶೆ’ಗೆ. ಅನುಭಾವದ ಗ್ರಂಥವನ್ನೂ ದೇವರನ್ನು ಅಲ್ಲಗಳೆಯುವ ಗ್ರಂಥವನ್ನೂ ಎರಡು ವರ್ಷಗಳ ಅಂತರದಲ್ಲಿ ಗೌರವಿಸಿದ ನಾಡು ನಮ್ಮದು. ಇದರಿಂದ ಯಾವ ಗುಡಿಯ ಗಂಟೆಯೂ ನಿಲ್ಲಲಿಲ್ಲ.

ಇಷ್ಟು ಹೇಳಿ, ಎಲ್ಲ ನಗೆಯೂ ಒಂದೇ ಎಂದು ನಾವು ಒಪ್ಪುವುದಿಲ್ಲ. ಹರಕೆ ಹೊತ್ತ ಮುದುಕಿಯೊಬ್ಬಳು ಮೊಮ್ಮಗನ ಜ್ವರ ಇಳಿಯಲೆಂದು ತೆಂಗಿನಕಾಯಿ ಹಿಡಿದು ನಿಂತಿರುವಾಗ, ಅವಳ ಚಿತ್ರ ತೆಗೆದು ಗೆಳೆಯರ ಗುಂಪಿಗೆ ಹಂಚಿ ನಗುವುದು ವಿಚಾರವಾದವಲ್ಲ. ಅವಳಿಗೆ ಆ ನಗೆ ಕೇಳುವುದೂ ಇಲ್ಲ, ಕೇಳಿದರೆ ಉತ್ತರಿಸುವ ಅವಕಾಶವೂ ಇಲ್ಲ. ವೈದ್ಯರು ಸಿಗದ ಊರಿನಲ್ಲಿ ಅವಳ ಕೈಗೆ ಸಿಕ್ಕಿದ್ದು ಆ ಕಾಯಿ. ಅವಳನ್ನು ನಕ್ಕವನು ಪವಾಡಪುರುಷನನ್ನೂ ಮುಟ್ಟಲಿಲ್ಲ, ವೈದ್ಯರಿಲ್ಲದ ವ್ಯವಸ್ಥೆಯನ್ನೂ ಮುಟ್ಟಲಿಲ್ಲ. ಆದ್ದರಿಂದ ನಗೆಯನ್ನು ತೂಗಲು ನಾವು ಎರಡು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇವೆ. ಆ ಮಾತು ಎದುರಿಗಿದ್ದವನಿಗೆ ಹೇಳಿದ್ದೋ, ಅವನ ಬೆನ್ನ ಹಿಂದೆ ಹೇಳಿದ್ದೋ? ನಗೆಗೆ ಗುರಿಯಾದವನಿಗೆ ಉತ್ತರಿಸುವ ಶಕ್ತಿಯೂ ಅವಕಾಶವೂ ಇದೆಯೋ ಇಲ್ಲವೋ? ಎದುರಿಗೆ ಆಡಿದ, ಉತ್ತರಕ್ಕೆ ಎಡೆಯುಳ್ಳ ನಗೆ ಒಂದು ಪ್ರಶ್ನೆ. ಉಳಿದದ್ದು ನಿಂದೆ. ನಮ್ಮ ತರುಣನ ಮಾತು ಮೊದಲನೆಯ ಬಗೆಯದು. ಅದನ್ನು ಎರಡನೆಯ ಬಗೆಯದಾಗಿ ಮಾಡಿದ್ದು, ಉತ್ತರವನ್ನು ಕತ್ತರಿಸಿ ಹಂಚಿದ ಕೈ.

ನಿಂದೆಯೇ ಆದರೂ ಏನು ಮಾಡಬೇಕು? ಕಾನೂನಿನ ಮಾತು ಬಂದಿದ್ದರಿಂದ ಅದನ್ನೂ ಹೇಳುತ್ತೇವೆ. ಬ್ರಿಟಿಷರ ಕಾಲದಲ್ಲಿ 1927ರಲ್ಲಿ ದಂಡಸಂಹಿತೆಗೆ ಸೇರಿದ 295 ಎ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಒಂದು ವರ್ಗದ ಧಾರ್ಮಿಕ ಭಾವನೆಯನ್ನು ಕೆರಳಿಸುವುದೇ ಅದರ ತಿರುಳು. 1957ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಕಲಮನ್ನು ಎತ್ತಿಹಿಡಿಯುವಾಗ ಈ ದುರುದ್ದೇಶದ ಮಾತನ್ನೇ ಒತ್ತಿ ಹೇಳಿತು. ಪ್ರಶ್ನೋತ್ತರದ ವೇಳೆಯಲ್ಲಿ, ನಾವೇ ಕರೆದ ಸಭೆಯಲ್ಲಿ, ಎದ್ದು ನಿಂತು ಕೇಳಿದ ಪ್ರಶ್ನೆಗೆ ಆ ಕಲಮನ್ನು ಹಚ್ಚಲು ಹೊರಟರೆ ಮುಂದಿನ ಅಮಾವಾಸ್ಯೆಗೆ ಪ್ರಶ್ನೋತ್ತರವೇ ಇರುವುದಿಲ್ಲ.

ಇದಕ್ಕಿಂತ ಗಂಭೀರವಾದ ಕಾರಣ ಇನ್ನೊಂದಿದೆ. ಧಾರವಾಡದ ಡಾ. ಎಂ. ಎಂ. ಕಲಬುರ್ಗಿಯವರು ನಾಸ್ತಿಕರಲ್ಲ. ವಚನ ಸಾಹಿತ್ಯಕ್ಕೆ ಬದುಕನ್ನೇ ಸವೆಸಿದ ನಮ್ಮವರೇ ಆದ ವಿದ್ವಾಂಸರು. ‘ಮಾರ್ಗ’ದ ಮೊದಲ ಸಂಪುಟದಲ್ಲಿನ ಕೆಲವು ಅಭಿಪ್ರಾಯಗಳಿಗಾಗಿ 1989ರಲ್ಲಿ ಅವರ ಮೇಲೆ ಒತ್ತಡ ತಂದು ಹಿಂಪಡೆಯುವಂತೆ ಮಾಡಿದ್ದು ಅನ್ಯರಲ್ಲ, ನಮ್ಮ ಸಮಾಜವೇ. ಅದು ತಮ್ಮ ಬೌದ್ಧಿಕ ಆತ್ಮಹತ್ಯೆಯಾಯಿತೆಂದು ಅವರು ನೊಂದು ನುಡಿದರು. 2014ರಲ್ಲಿ ಬೆಂಗಳೂರಿನಲ್ಲಿ ಮೌಢ್ಯನಿಷೇಧ ವಿಧೇಯಕದ ಕುರಿತ ಸಭೆಯಲ್ಲಿ, ಅನಂತಮೂರ್ತಿಯವರು ತಮ್ಮ ಬಾಲ್ಯದಲ್ಲಿ ದೇವರ ಕಲ್ಲನ್ನು ಪರೀಕ್ಷಿಸಿದ ಪ್ರಸಂಗವನ್ನು ಉಲ್ಲೇಖಿಸಿದ್ದಕ್ಕೆ ಪ್ರತಿಭಟನೆಗಳು ನಡೆದವು. ಹಿಂದುಮುಂದಿನ ಮಾತು ಬಿಟ್ಟು ಆ ಒಂದು ಪ್ರಸಂಗವೇ ಊರೂರು ತಿರುಗಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಅವರನ್ನು ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. ಅಪರಾಧಿಗಳು ಯಾರೆಂದು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಆದರೆ ಮಾತಿಗೆ ಮಾತಿನಿಂದ ಉತ್ತರಿಸದೆ, ಮಾತನಾಡಿದವನನ್ನೇ ಹೊರಹಾಕಬೇಕೆನ್ನುವ ದಾರಿಯಲ್ಲಿ ಮೊದಲ ಹೆಜ್ಜೆ ಒಂದು ಮನವಿಪತ್ರವಾಗಿರುತ್ತದೆ ಎಂಬುದನ್ನು 1989 ನಮಗೆ ಕಲಿಸಬೇಕು. ಅಂಥ ಪತ್ರವನ್ನು ಈ ಮಠದ ಕಡತದಲ್ಲಿ ಇಡಲು ನಮಗೆ ಮನಸ್ಸಾಗಲಿಲ್ಲ. ಶ್ರೀಗಳವರ ಅಪ್ಪಣೆಯಂತೆ, ತಂದವರಿಗೆ ಚಹಾ ಕೊಟ್ಟು, ಪೂರ್ತಿ ಧ್ವನಿಮುದ್ರಣವನ್ನು ಕೇಳಿಸಿ, ಪತ್ರವನ್ನು ಅವರ ಕೈಗೇ ಹಿಂದಿರುಗಿಸಿದೆವು. ಆ ತಾಯಿಯ ಮಾತು ಕೇಳಿದಾಗ ಅವರಲ್ಲಿಯೂ ಕೆಲವರು ನಕ್ಕರು.

ನಾಸ್ತಿಕ ಬಂಧುಗಳಿಗೆ ನಮ್ಮದೊಂದು ಬಿನ್ನಹ. ನೀವು ನಗುವ ದೇವರೂ ನಾವು ಪೂಜಿಸುವ ದೇವರೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಅಂಗೈಯಲ್ಲಿರುವ ಇಷ್ಟಲಿಂಗ ಅರಿವಿಗೆ ಹಿಡಿದ ಕುರುಹು. ಪ್ರವಾಹವನ್ನು ತಡೆಯುವ ಕಟ್ಟೆಯಾಗಿ ಅದನ್ನು ಯಾವ ಶರಣರೂ ಕೊಟ್ಟಿಲ್ಲ. ನಿಮ್ಮ ಬಾಣ ತಾಗುವುದು ನಮ್ಮ ಆಸೆಗೆ, ನಮ್ಮ ಅಂಜಿಕೆಗೆ. ತಾಗಲಿ, ತಪ್ಪಿಲ್ಲ. ಆದರೆ ನಕ್ಕ ಮೇಲೆ ಎದ್ದು ಹೋಗಬೇಡಿ. ಉತ್ತರ ಕೇಳಿ, ಪ್ರಸಾದ ಸ್ವೀಕರಿಸಿ ಹೋಗಿ. ನೆರೆ ಬಂದ ದಿನ ಆ ನಾಲ್ಕು ಹೆಗಲುಗಳಲ್ಲಿ ಒಂದು ನಾಸ್ತಿಕನದೇ ಆಗಿತ್ತೆಂದು ಆಮೇಲೆ ನಮಗೆ ತಿಳಿಯಿತು. ಅದು ಆ ತರುಣನ ಹೆಗಲು.

ಭಕ್ತರಿಗೂ ಒಂದು ಮಾತು. ನಗೆಯಲ್ಲಿ ನಿಜವಿದ್ದರೆ ಕೋಪ ಬರುತ್ತದೆ, ಇಲ್ಲದಿದ್ದರೆ ನಗೆಯೇ ಬರುತ್ತದೆ. ನಿನ್ನೆ ವಿಚಾರವಾದಿಗಳ ಹಾಸ್ಯಕ್ಕೆ ಗುರಿಯಾಗಿದ್ದ ಹಲವು ಆಚರಣೆಗಳು 2017ರ ಮೌಢ್ಯನಿಷೇಧ ಕಾಯಿದೆಯಡಿ ಇಂದು ದಂಡನೀಯ ಅಪರಾಧಗಳಾಗಿವೆ. ಬಸವರಾಜ ಕಟ್ಟೀಮನಿಯವರು ‘ಜರತಾರಿ ಜಗದ್ಗುರು’ ಎಂಬ ಕಾದಂಬರಿಗೆ ಆ ಹೆಸರಿಟ್ಟಾಗ ನೊಂದುಕೊಂಡ ಮಠಗಳಿದ್ದವು. ಆದರೆ ಜರತಾರಿಯನ್ನು ತೆಗೆದಿಟ್ಟಿದ್ದರೆ ಆ ಹೆಸರು ತಾನಾಗಿಯೇ ಸುಳ್ಳಾಗುತ್ತಿತ್ತು.

ಇದನ್ನು ಬರೆಯಲು ನಮಗೆ ಸುಲಭವಾಗಿಲ್ಲ, ಏಕೆಂದರೆ ಬಾಣ ನಮಗೂ ತಾಗಿದೆ. ಅಂದು ಪ್ರಸಾದ ಸ್ವೀಕರಿಸಿ ಹೊರಡುವಾಗ ಆ ತರುಣ ದಾಸೋಹ ಭವನದ ಗೋಡೆಯನ್ನು ತೋರಿಸಿ ಮೆಲ್ಲನೆ ಹೇಳಿದ: “ಮೇಲೆ ಕಾಯಕದ ಮಹಿಮೆ ಬರೆಸಿದ್ದೀರಿ. ಕೆಳಗೆ ಪಾದಪೂಜೆಯ ದರಪಟ್ಟಿ ಹಾಕಿದ್ದೀರಿ. ಯಾರ ಕಾಯಕಕ್ಕೆ ಎಷ್ಟು ಎಂದು ಲೆಕ್ಕ ಚೆನ್ನಾಗಿ ತಿಳಿಯುತ್ತದೆ.” ಆ ಫಲಕವನ್ನು ಬರೆಸಿ ಹಾಕಿಸಿದವರು ಬೇರೆ ಯಾರೂ ಅಲ್ಲ, ನಾವೇ. ಹುಂಡಿಯ ಲೆಕ್ಕದಲ್ಲಿ ಗೊಂದಲವಾಗಬಾರದೆಂಬುದು ನಮ್ಮ ಉದ್ದೇಶವಾಗಿತ್ತು. ಅಂದು ಆ ಮಾತಿಗೆ ನಮ್ಮ ಬಳಿ ಆ ತಾಯಿಯ ಉತ್ತರದಂಥ ಉತ್ತರ ಇರಲಿಲ್ಲ. ಕೋಪ ಬಂತು. ಕೋಪ ಏಕೆ ಬಂತೆಂದು ರಾತ್ರಿ ಯೋಚಿಸಿದಾಗ ಕಾರಣ ತಿಳಿಯಿತು.

ಫಲಕ ಇನ್ನೂ ಅಲ್ಲಿಯೇ ಇದೆ. ಅದನ್ನು ಒಬ್ಬರೇ ತೆಗೆಯುವ ಅಧಿಕಾರ ಕಾರ್ಯದರ್ಶಿಗಳಿಗಿಲ್ಲ. ಬರುವ ಆಡಳಿತ ಮಂಡಳಿಯ ಸಭೆಯ ವಿಷಯಪಟ್ಟಿಯಲ್ಲಿ ಅದನ್ನು ಸೇರಿಸಿದ್ದೇವೆ. ಮುಂದಿನ ಅಮಾವಾಸ್ಯೆಯ ಗೋಷ್ಠಿಗೆ ಆ ತರುಣನನ್ನೂ ಆ ತಾಯಿಯನ್ನೂ ಆಹ್ವಾನಿಸಿದ್ದೇವೆ. ಧ್ವನಿಮುದ್ರಣ ಮಾಡುವವರು ಪೂರ್ತಿಯಾಗಿ ಮಾಡಬೇಕೆಂದು ವಿನಂತಿ.

ಶರಣು ಶರಣಾರ್ಥಿ.

ಕಾರ್ಯದರ್ಶಿಗಳು,
ಶ್ರೀಮಠ, ಕೊಣ್ಣೂರು